ಟೆರೇಸಿನಿಂದ ಇಳಿಯಿರಿ

ಎರಡು ಮೆಗಾಪಿಕ್ಸೆಲ್ ಸಾಕೋ, ಐದು ಬೇಕೋ ಎಂಬ ಜಗಳ ಇದ್ದೇ ಇದೆ. ಆ ಜಗಳ ಎಲ್ಲಿಗೂ ಓಡಿಹೋಗುವುದಿಲ್ಲ. ತೋಟದ ಶೆಡ್ಡಿನ ಕ್ಯಾಮೆರಾ ಗಂಟೆಗೊಮ್ಮೆ ‘ಆಫ್‌ಲೈನ್’ ಎಂದು ಮುನಿಸಿಕೊಂಡು ಕೂತರೆ, ಬಾರದ ಚಿತ್ರ ಎಷ್ಟು ಮೆಗಾಪಿಕ್ಸೆಲ್ಲಿನದಾದರೇನು? ಆ ಶೆಡ್ಡಿನಲ್ಲಿರುವುದು ಸಣ್ಣ ಮಾಲಲ್ಲ, ಕೊಬ್ಬರಿ. 2025ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ ಬೆಂಬಲ ಬೆಲೆ ಇಟ್ಟಿತು; ಅದೇ ವರ್ಷ ತಿಪಟೂರು ಎಪಿಎಂಸಿಯಲ್ಲಿ ದರ ಅದರ ಎರಡರಷ್ಟನ್ನೂ ದಾಟಿತು. ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ಒಂದು ವರ್ಷ ಅಟ್ಟದಲ್ಲೇ ಒಣಗಬೇಕು. ಅಷ್ಟೂ ದಿನ ಇಡೀ ವರ್ಷದ ದುಡಿಮೆ ಒಂದು ಬೀಗದ ಹಿಂದೆ. ಹಾಗಾಗಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ವೈ-ಫೈ ಕ್ಯಾಮೆರಾ ಶೋಕಿಯ ವಸ್ತುವಲ್ಲ. ಅದು ಕೈಕೊಟ್ಟಾಗ ಬೈಗುಳ ತಿನ್ನುವುದು ಕ್ಯಾಮೆರಾವೇ. ಬಹುಪಾಲು ತಪ್ಪು ಮಾತ್ರ ಮನೆಗೂ ಶೆಡ್ಡಿಗೂ ನಡುವೆ ನಿಂತ ತೆಂಗಿನ ಗರಿಯದು, ಇಲ್ಲವೇ ಶೆಡ್ಡಿಗೆ ಬರುವ ಕರೆಂಟಿನದು.

ಪರೀಕ್ಷೆ ಕಷ್ಟವಲ್ಲ. ಕ್ಯಾಮೆರಾ ಬಿಚ್ಚಿ ತಂದು ಒಂದು ರಾತ್ರಿ ರೌಟರ್ ಪಕ್ಕದಲ್ಲಿಡಿ. ಬೆಳಗಿನವರೆಗೂ ಕಡಿಯದೆ ನಡೆದರೆ ಕ್ಯಾಮೆರಾ ಗಟ್ಟಿಯಿದೆ. ಆಮೇಲೆ ಶೆಡ್ಡಿನ ಗೋಡೆಯ ಬಳಿ ನಿಂತು ಮೊಬೈಲಿನಲ್ಲಿ ಸಿಗ್ನಲ್ ಅಳೆಯಿರಿ. ಮೈನಸ್ 65 ಡಿಬಿಎಂ ಆಸುಪಾಸಿದ್ದರೆ ನೆಮ್ಮದಿ. ಮೈನಸ್ 80ಕ್ಕಿಳಿದಿದ್ದರೆ ವಿಡಿಯೊದ ಆಸೆ ಬಿಡುವುದು ಲೇಸು. ಈ ಕುಸಿತವನ್ನು ಲೆಕ್ಕ ಹಾಕಿ ತೋರಿಸಿದ್ದು ಮಾರ್ಕ್ ವೈಸ್‌ಬರ್ಗರ್ ಎಂಬ ಅಮೆರಿಕದ ಎಂಜಿನಿಯರ್, 1982ರಲ್ಲಿ. ರೇಡಿಯೊ ಅಲೆಗಳನ್ನು ಮರಗಳು ಎಷ್ಟು ನುಂಗುತ್ತವೆ ಎಂಬ ಆ ವರದಿ ನನ್ನ ಮಟ್ಟಿಗೆ ಈ ವಿಷಯದ ಪುರಾಣ. ಅವನ ಸೂತ್ರಕ್ಕೆ 2.4 ಗಿಗಾಹರ್ಟ್ಸ್ ಮತ್ತು ಐವತ್ತು ಮೀಟರ್ ದಟ್ಟ ಸೊಪ್ಪನ್ನು ಕೊಟ್ಟರೆ 17 ಡೆಸಿಬಲ್ ನಷ್ಟ ಬರುತ್ತದೆ, ಅಂದರೆ ಬಯಲಿನಲ್ಲಿ ಅಷ್ಟೇ ದೂರಕ್ಕೆ ಸಿಗಬೇಕಾದ ಸಿಗ್ನಲ್ಲಿನ ಐವತ್ತರಲ್ಲೊಂದು ಪಾಲು. 5 ಗಿಗಾಹರ್ಟ್ಸ್ ಕಡೆ ಹೋದರೆ ನೂರರಲ್ಲೊಂದೂ ಉಳಿಯದು. ಅದೂ ಒಣ ಎಲೆಯ ಲೆಕ್ಕ, ಸಮಶೀತೋಷ್ಣ ದೇಶಗಳ ಮರಗಳದ್ದು. ಹಸ್ತ, ಚಿತ್ತೆ ಮಳೆ ಹಿಡಿದು ಗರಿಯೆಲ್ಲ ತೊಟ್ಟಿಕ್ಕುವಾಗ ನಷ್ಟ ಇನ್ನೂ ಏರುತ್ತದೆ. ಬೇಸಗೆಯಲ್ಲಿ ಸರಿಯಿದ್ದ ಕ್ಯಾಮೆರಾ ಮಳೆಗಾಲಕ್ಕೆ ‘ಕೆಟ್ಟುಹೋಗುವ’ ಗುಟ್ಟು ಇದೇ.

ಇಲ್ಲೇ ಟೆರೇಸ್ ಪಂಥದವರ ಜೊತೆ ನನ್ನ ಹಳೇ ತಕರಾರು. ಸಿಗ್ನಲ್ ಸಿಗದಿದ್ದರೆ ಆಂಟೆನಾ ಎತ್ತರಕ್ಕೆ ಕಟ್ಟು ಎನ್ನುವುದು ದೂರದರ್ಶನದ ಕಾಲದ ಬುದ್ಧಿ. ಆಗ ಅದು ಸರಿಯೇ ಇತ್ತು. ಟಿವಿ ಗೋಪುರ ದೂರದಲ್ಲಿತ್ತು, ಅದನ್ನು ಕಾಣಲು ಮರದ ತಲೆ ದಾಟಬೇಕಿತ್ತು. ಈಗ ಮಾತಾಡಬೇಕಾದ ಎರಡು ತುದಿಯೂ ಅದೇ ತೋಟದೊಳಗಿವೆ. ಹಳೇ ತಿಪಟೂರು ತಳಿಯ ಮರ ಐವತ್ತು ಅಡಿ ಮೇಲೆ ತಲೆಯೆತ್ತಿರುತ್ತದೆ; ಕೆಳಗೆ ಬರೀ ಕಾಂಡ, ಕಾಂಡಗಳ ನಡುವೆ ಬಯಲು. ನೆಲದಿಂದ ಎಂಟು ಹತ್ತು ಅಡಿಯಲ್ಲಿ ಆ ಬಯಲಿನುದ್ದಕ್ಕೂ ಸಿಗ್ನಲ್ ಸಲೀಸಾಗಿ ಹೋಗುತ್ತದೆ. ಅದನ್ನು ಬಿಟ್ಟು ಟೆರೇಸಿನ ಮೇಲೊಂದು ಕಂಬ ನಿಲ್ಲಿಸಿ ಅದರ ತುದಿಗೆ ಆಂಟೆನಾ ಕಟ್ಟಿದರೆ, ಪಕ್ಕದ ಎಳೆ ಮರಗಳ ಗರಿಯೊಳಕ್ಕೇ ಅದನ್ನು ತುರುಕಿದಂತಾಯಿತು. ಆದ್ದರಿಂದ ಮೊದಲು ಟೆರೇಸಿನಿಂದ ಇಳಿಯಿರಿ, ಜಗಲಿಯ ಸೂರಿನ ಕೆಳಗೆ ಇಟ್ಟು ನೋಡಿ. ನಡುವೆ ಅಡಿಕೆ, ಬಾಳೆ ಹಾಕಿದವರ ತೋಟದಲ್ಲಿ ಕೆಳಗೂ ಬಯಲಿಲ್ಲವಲ್ಲ ಎನ್ನಬಹುದು. ನಿಜ. ಅವರಿಗೆ ವೈ-ಫೈ ಹೇಳಿ ಮಾಡಿಸಿದ್ದಲ್ಲ.

ಅವರು ಕೇಬಲ್ ಎಳೆಯಬೇಕು. ವೈ-ಫೈ ಕ್ಯಾಮೆರಾಕ್ಕೂ ಕರೆಂಟಿನ ತಂತಿ ಬೇಕೇ ಬೇಕು. ಒಂದು ತಂತಿ ಹೋಗುವ ಕಡೆ ಇನ್ನೊಂದು ಹೋಗಲಾರದೇ? ಇದಕ್ಕೆ ಬರುವ ಗಟ್ಟಿ ಆಕ್ಷೇಪ ಸಿಡಿಲಿನದು. ಅಶ್ವಿನಿ, ಭರಣಿ ಮಳೆಯ ಗುಡುಗಿಗೆ ತೆಂಗಿನ ತೋಟದಲ್ಲಿ ತಾಮ್ರದ ಲ್ಯಾನ್ ಕೇಬಲ್ ಎಳೆಯುವುದು ಅಪಾಯವನ್ನು ಮನೆಗೆ ಕರೆತಂದಂತೆ; ಜೊತೆಗೆ ಅದರ ಓಟವೂ ನೂರು ಮೀಟರಿಗೇ ಮುಗಿಯುತ್ತದೆ. ಉತ್ತರ ಆಪ್ಟಿಕಲ್ ಫೈಬರ್. ಊರಿನ ಕೇಬಲ್ ಟಿವಿ ಹುಡುಗರು ದಿನಾ ಎಳೆಯುವ ಡ್ರಾಪ್ ಕೇಬಲ್ಲೇ ಸಾಕು, ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್. ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ. ಆದರೆ ಆ ಕೇಬಲ್ಲಿನಲ್ಲಿ ಆಧಾರಕ್ಕೆ ಉಕ್ಕಿನ ತಂತಿ ಇರುವುದುಂಟು. ಅದನ್ನು ಬಿಟ್ಟು ಎಫ್‌ಆರ್‌ಪಿ (ನಾರು ಬೆರೆಸಿದ ಪ್ಲಾಸ್ಟಿಕ್) ಕಡ್ಡಿಯದನ್ನೇ ಕೇಳಿ ತನ್ನಿ. ಕರೆಂಟಿಗೆ ಪಂಪ್‌ಸೆಟ್ಟಿನ ಬೋರ್ಡನ್ನು ನಂಬಬೇಡಿ. ಆ ಲೈನಿಗೆ ಸರ್ಕಾರ ಕೊಡುತ್ತೇನೆನ್ನುವುದೇ ದಿನಕ್ಕೆ ಏಳು ಗಂಟೆ ಮೂರು ಫೇಸ್. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವಾಟ್-ಅವರ್ ಇರುತ್ತದೆ. ಕ್ಯಾಮೆರಾ, ಕನ್ವರ್ಟರ್ ಸೇರಿ ಎಂಟು ವಾಟ್ ಎಳೆದರೂ ಹೆಚ್ಚುಕಡಿಮೆ ಒಂದು ರಾತ್ರಿ ಕಳೆಯುತ್ತದೆ.

ಇಷ್ಟೆಲ್ಲ ರಗಳೆ ಯಾಕೆ, ಸೋಲಾರ್ ಪ್ಯಾನೆಲ್ಲಿನ ಸಿಮ್ ಕ್ಯಾಮೆರಾ ಸಿಗುತ್ತದಲ್ಲ ಎನ್ನುವವರಿದ್ದಾರೆ. ರಾಗಿ ಹೊಲದ ಬಯಲಿನಲ್ಲಿ ಒಂಟಿ ಬೋರ್‌ವೆಲ್ ಕಾಯಲು ಅದನ್ನು ಮೀರಿಸಿದ್ದಿಲ್ಲ, ಒಪ್ಪುತ್ತೇನೆ. ತೋಟದೊಳಗೆ ಮಾತ್ರ ಅದರ ಆಟ ನಡೆಯದು. ಪ್ಯಾನೆಲ್ಲಿನ ಒಂದು ಮೂಲೆಗೆ ಗರಿಯ ನೆರಳು ಬಿದ್ದರೂ ಇಡೀ ಪ್ಯಾನೆಲ್ಲಿನ ಇಳುವರಿ ಕುಸಿಯುತ್ತದೆ. ಬ್ಯಾಟರಿ ಉಳಿಸಲು ಅಂಥ ಕ್ಯಾಮೆರಾ ನಿದ್ದೆಯಲ್ಲೇ ಇದ್ದು, ಮೈಶಾಖದ ಸುಳಿವು ಸಿಕ್ಕಮೇಲೆ ಏಳುತ್ತದೆ; ಅಷ್ಟರಲ್ಲಿ ಬಂದವನ ಮುಖ ದಾಟಿ ಬೆನ್ನು ಕಾಣುತ್ತಿರುತ್ತದೆ.

ರಾತ್ರಿಯೆಲ್ಲ ಸುಮ್ಮಸುಮ್ಮನೆ ಅಲಾರಂ ಬರುವ ದೂರಿಗೆ ಎರಡೇ ಮಾತು: ಲೆನ್ಸಿನ ಮುಂದಿನ ಜೇಡರ ಬಲೆ ಇನ್‌ಫ್ರಾರೆಡ್ ಬೆಳಕಿಗೆ ಬೆಳ್ಳಗೆ ಹೊಳೆಯುತ್ತದೆ, ವಾರಕ್ಕೊಮ್ಮೆ ಪೊರಕೆ ಆಡಿಸಿ, ಅಲುಗಾಡುವ ಗರಿಯನ್ನು ಚಲನೆ ಗುರುತಿಸುವ ಚೌಕದಿಂದ ಹೊರಗಿಡಿ. ಪಾಸ್‌ವರ್ಡ್ ಬದಲಿಸದವರು 2016ರ ಮಿರಾಯ್ ದಾಳಿಯನ್ನು ನೆನೆಯಲಿ, ಅದು ಕಾರ್ಖಾನೆಯ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಇಂಥ ಕ್ಯಾಮೆರಾಗಳನ್ನೇ ಸೈನ್ಯ ಮಾಡಿಕೊಂಡಿತ್ತು. ಇನ್ನು ಕಾರ್ಡಿನ ಲೆಕ್ಕ: 2 ಎಂಬಿಪಿಎಸ್ ವಿಡಿಯೊ ದಿನಕ್ಕೆ 21 ಜಿಬಿ ದಾಟುತ್ತದೆ, 128 ಜಿಬಿ ಕಾರ್ಡು ಆರನೇ ದಿನಕ್ಕೆ ಹಳೆಯದನ್ನು ಅಳಿಸತೊಡಗುತ್ತದೆ. ಕಳವು ಗೊತ್ತಾದ ದಿನವೇ ತುಣುಕನ್ನು ತೆಗೆದಿಡಬೇಕು. ಅದು ಕೋರ್ಟಿನಲ್ಲಿ ನಿಲ್ಲಲು 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕು. ಇವೆಲ್ಲದರ ನಡುವೆ ಯಾರೂ ನೋಡದ ಸಂಗತಿ ಗಡಿಯಾರ. ಕರೆಂಟು ಹೋಗಿಬಂದ ಮೇಲೆ ಇಂಟರ್‌ನೆಟ್ ಸಿಗದ ಕ್ಯಾಮೆರಾ 1970ರ ಜನವರಿ 1 ಎಂದು ಬರೆದುಕೊಳ್ಳುವುದುಂಟು. ಸಿಕ್ಕರೂ, ಸಮಯವಲಯ ಚೀನಾದ್ದೇ ಉಳಿದಿದ್ದರೆ ನಡುರಾತ್ರಿ ಹನ್ನೆರಡರ ಕಳವು ಪರದೆಯ ಮೇಲೆ ಎರಡೂವರೆಗೆ ನಡೆದಿರುತ್ತದೆ.