ಮುನಿಗ ಬಿನ್ ಹನುಮ

ನಮ್ಮ ವಿಮರ್ಶಕರು ಇದುವರೆಗೂ ಕೈಗೆತ್ತಿಕೊಳ್ಳದ ಒಂದು ಕೃತಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯಲ್ಲಿ ಅಂಗೈಯಗಲ ಜಮೀನಿರುವ ಪ್ರತಿ ಮನೆಯಲ್ಲೂ ಇದೆ. ಟ್ರಂಕಿನ ತಳದಲ್ಲಿ, ಸೀರೆಯ ಮಡಿಕೆಯಲ್ಲಿ, ಗೊಬ್ಬರದಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ. ಅದರ ಹೆಸರು ಪಹಣಿ. ನಮ್ಮವ್ವನಿಗೆ ಓದು ಬರೋಲ್ಲ. ಆದರೂ ಒಂಬತ್ತನೇ ಕಾಲಂ ಎಲ್ಲೈತೆ ಅಂತ ಬೆರಳಿಟ್ಟು ತೋರಿಸ್ತಾಳೆ. ಅಲ್ಲಿ ಒಡೆಯನ ಹೆಸರು. ಹನ್ನೊಂದನೇ ಕಾಲಮ್ಮಿಗೆ ಹೆದರ್ತಾಳೆ. ಅಲ್ಲಿ ಸಾಲ, ಋಣ. ಕವಿತೆಯಲ್ಲಿ ಧ್ವನಿ ಹುಡುಕುವವರು, ಪ್ರತಿಮೆಗಳ ಲೆಕ್ಕ ಹಾಕುವವರು ಇದನ್ನೂ ಒಂದು ದಿನ ಓದಬೇಕಾಗಿತ್ತು. ಓದಲಿಲ್ಲ. ಅದಕ್ಕೇ ಇಂಟರ್‌ನೆಟ್ ಕುರಿತ ಗೋಷ್ಠಿಗಳಲ್ಲಿ 'ಅಲ್ಲಿ ಜಾತಿಯಿಲ್ಲ, ಅದು ಬಯಲು' ಎಂದು ಇಷ್ಟು ಸಲೀಸಾಗಿ ಮಾತಾಡುತ್ತಾರೆ.

ಗೆಳೆಯರೆ, ನಮ್ಮ ಕೇರಿಗೆ ಕಂಪ್ಯೂಟರು ಹಾಡಾಗಿ ಬರಲಿಲ್ಲ, ಪ್ರೇಮಪತ್ರವಾಗಿ ಬರಲಿಲ್ಲ. ಪಹಣಿಯಾಗಿ ಬಂತು. ಮೊದಲು ತಾಲ್ಲೂಕು ಕಚೇರಿಯ ಕಿಟಕಿಗೆ, ಆಮೇಲೆ ನಾಡಕಚೇರಿಗೆ, ಈಗ ಅಂಗೈಯ ಫೋನಿಗೆ. 2001ರ ಹೊತ್ತಿಗೆ 'ಭೂಮಿ' ಎಂಬ ಯೋಜನೆ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಇಳಿಸಿತು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಹದಿನೈದು ರೂಪಾಯಿ ಕೊಟ್ಟರೆ ಅಚ್ಚಾದ ಹಾಳೆ.

ಇದರಿಂದ ಏನೂ ಆಗಲಿಲ್ಲ ಅಂತ ನಾವು ಸುಳ್ಳು ಹೇಳಬಾರದು. ಶಾನುಭೋಗರ ಕಾಲದಲ್ಲಿ ನಮ್ಮ ತಾತ ಜಗುಲಿಯ ಕೆಳಗೆ ನಿಂತೇ ಮಾತಾಡುತ್ತಿದ್ದ. 1961ರ ಕಾಯ್ದೆ ಆ ವಂಶಪಾರಂಪರ್ಯದ ಹುದ್ದೆ ಕಿತ್ತುಹಾಕಿತು, ಗ್ರಾಮಲೆಕ್ಕಿಗರು ಬಂದರು. ಆದರೂ ಪುಸ್ತಕ ಅವರ ಕಂಕುಳಲ್ಲೇ ಇತ್ತು. ಕಿಟಕಿ ಬಂದ ದಿನ ನಮ್ಮಪ್ಪ ಸಾಲಿನಲ್ಲಿ ಊರ ಗೌಡರ ಮಗನಿಗಿಂತ ಮುಂದೆ ನಿಂತಿದ್ದನಂತೆ. ಇಪ್ಪತ್ತು ವರ್ಷವಾದರೂ ಅದನ್ನೇ ಹೇಳ್ತಾನೆ. ಆ ಸುಖವನ್ನು ಯಾವ ಪಂಡಿತನೂ ಅಲ್ಲಗಳೆಯಲಾರ.

ಆದರೆ ಕಿಟಕಿ ಕೊಟ್ಟ ಹಾಳೆಯಲ್ಲಿ ಏನಿತ್ತು? 'ಮುನಿಗ ಬಿನ್ ಹನುಮ.'

ನಮ್ಮ ತಾತನ ಹೆಸರು ಮುನಿಯಪ್ಪ. ತೋಟಿ ಕೆಲಸ ಮಾಡಿದವನು. ದರಖಾಸ್ತಿನಲ್ಲಿ ಎರಡು ಎಕರೆ ಮಂಜೂರಾದಾಗ ಬರೆದವರು 'ಮುನಿಗ' ಎಂದು ಬರೆದರು. ಪಕ್ಕದ ಸರ್ವೆ ನಂಬರುಗಳಲ್ಲಿ ಅಪ್ಪ, ಅಯ್ಯ, ಗೌಡ, ರಾವ್ ಎಲ್ಲರೂ ಇದ್ದಾರೆ. ನಮ್ಮವರ ಹೆಸರು ಬಂದಲ್ಲಿ ಮಾತ್ರ ಲೇಖನಿಗೆ ಶಾಯಿ ಸಾಲದೆ ಹೋಗಿದೆ. ಒಂದು 'ಗ'ಕಾರದಲ್ಲಿ ಊರಿಗೆ ಊರೇ ಇದೆ. ವ್ಯಂಗ್ಯ, ಧ್ವನಿ ಎಂದರೆ ಇದಲ್ಲವೇ ಸ್ವಾಮಿ?

'ಗ' ಹೋಗಿ 'ಯಪ್ಪ' ಬಂದದ್ದು ಒಬ್ಬ ಪ್ರೈಮರಿ ಮೇಷ್ಟರಿಂದ. ನಮ್ಮಪ್ಪನನ್ನು ಸ್ಕೂಲಿಗೆ ಸೇರಿಸುವಾಗ 'ತಂದೆ ಹೆಸರೇನು' ಅಂತ ಕೇಳಿ, 'ಮುನಿಗ ಸ್ವಾಮಿ' ಅಂದಿದ್ದನ್ನು ಕೇಳಿಸಿಕೊಂಡೂ ಅವರು ಮುನಿಯಪ್ಪ ಎಂದು ಬರೆದರು. ಆಮೇಲೆ ಓಟರ್ ಲಿಸ್ಟು, ರೇಷನ್ ಕಾರ್ಡು, ಕೊನೆಗೆ ಮರಣ ಪತ್ರ, ಎಲ್ಲದರಲ್ಲೂ ಮುನಿಯಪ್ಪ. ಪಹಣಿಯಲ್ಲಿ ಮುನಿಗ. ಕೈಬರಹದವನು ಮಾಡಿದ ಅವಮಾನವನ್ನು ಕಂಪ್ಯೂಟರು ನಿಷ್ಠೆಯಿಂದ ಅಚ್ಚು ಮಾಡಿ, ಅದಕ್ಕೆ ಸರ್ಕಾರದ ಮೊಹರು ಹಾಕಿ ಕೊಟ್ಟಿತು.

2024ರಲ್ಲಿ ಸರ್ಕಾರ ಪಹಣಿಗೆ ಆಧಾರ್ ಜೋಡಿಸುವ ಕೆಲಸಕ್ಕೆ ಕೈಹಾಕಿತು. ಸತ್ತವರ ಹೆಸರಿನಲ್ಲಿ ಉಳಿದ ಜಮೀನನ್ನು ವಾರಸುದಾರರಿಗೆ ಮಾಡಿಕೊಡುವ ಪೌತಿ ಖಾತೆಯೂ ಆನ್‌ಲೈನ್ ಆಯಿತು. ಒಳ್ಳೆಯದೇ. ನಾವು ಅರ್ಜಿ ಹಾಕಿದೆವು. ಕಿಟಕಿಯೊಳಗಿನ ಹುಡುಗ ಹೇಳಿದ: 'ಸಿಸ್ಟಮ್ ತಗೊಳ್ತಿಲ್ಲಣ್ಣ. ಇಬ್ಬರೂ ಬೇರೆ ಬೇರೆ ವ್ಯಕ್ತಿ ಅಂತ ಬರ್ತೈತೆ.' ಅವನ ಮೇಲೆ ನಮಗೆ ಸಿಟ್ಟಿಲ್ಲ, ನಮ್ಮದೇ ವಯಸ್ಸಿನ ಗುತ್ತಿಗೆ ನೌಕರ. ಶಾನುಭೋಗರಾಗಿದ್ದರೆ ಬೆನ್ನ ಹಿಂದೆ ನಿಂತು ಬೈಯಬಹುದಿತ್ತು. ಸಿಸ್ಟಮ್ಮಿನ ಜಗುಲಿ ಎಲ್ಲೈತೆ?

ಇದೇನು ಕಾಗದದ ತಕರಾರು, ಇದಕ್ಕೂ ಸಾಹಿತ್ಯಕ್ಕೂ ಏನು ಸಂಬಂಧ ಎನ್ನುವವರು ಭೂಮಿಯ ಬೆಲೆ ನೋಡಲಿ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯಿತು. ಅದಕ್ಕೂ ಮುಂಚೆಯೇ ಬೆಂಗಳೂರಿನ ಸುತ್ತಲ ನೆಲಕ್ಕೆ ಕಣ್ಣು ಬಿದ್ದಿತ್ತು. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ 'ಭೂಮಿ' ಯೋಜನೆಯನ್ನು ಪರೀಕ್ಷಿಸಿ ಬರೆದರು: ಲಂಚ ಇಳಿಯಲಿಲ್ಲ, ಏರಿತು, ದೊಡ್ಡ ಕುಳಗಳಿಗೆ ರಾಶಿ ರಾಶಿ ನೆಲ ಹಿಡಿಯಲು ದಾರಿ ಸುಗಮವಾಯಿತು. ಅರ್ಥ ಸರಳ. ಹಿಂದೆ ನಮ್ಮೂರ ಹೊಲ ಯಾರದು ಅಂತ ತಿಳಿಯಲು ನಮ್ಮೂರಿಗೆ ಬರಬೇಕಿತ್ತು, ಟೀ ಅಂಗಡಿಯಲ್ಲಿ ಕೂರಬೇಕಿತ್ತು. ಈಗ ಬರಬೇಕಿಲ್ಲ. ಸರ್ವೆ ನಂಬರು ಒತ್ತಿದರೆ ಸಾಕು. ಎಲ್ಲರಿಗೂ ಕಾಣುವ ಹಾಳೆ ಎಲ್ಲರಿಗೂ ಒಂದೇ ಸಮನಾಗಿ ಕಾಣುವುದಿಲ್ಲ. ವಕೀಲ, ಬ್ರೋಕರು, ಬ್ಯಾಂಕು ಇಟ್ಟುಕೊಂಡವನು ಓದುವ ಬಗೆ ಬೇರೆ. ನಮ್ಮವ್ವ ಬೆರಳಿಡುವ ಬಗೆ ಬೇರೆ. ಮಂಜೂರಾದ ದಲಿತರ ಜಮೀನು ಪರಭಾರೆ ಆಗದಿರಲಿ ಅಂತ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. 2017ರಲ್ಲಿ ಸುಪ್ರೀಂ ಕೋರ್ಟು 'ತಡವಾಗಿ ಬಂದಿರಿ' ಎಂದಿತು. ಧರಣಿ ಕೂತು ಕೂತು 2023ರಲ್ಲಿ ತಿದ್ದುಪಡಿ ತರಿಸಿಕೊಂಡದ್ದಾಯಿತು. ಆ ಕಾಯ್ದೆ ಹಿಡಿಯಬೇಕಾದರೂ ಮೊದಲು ಮುನಿಗ ನಮ್ಮ ತಾತನೇ ಎಂದು ರುಜುವಾತು ಮಾಡಬೇಕಲ್ಲ!

ವ್ಯಾಪಾರದ ಮಾತಿಗೆ ಬರೋಣ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದರು. ರೇಷ್ಮೆಗೂಡಿಗೆ ಇ-ಹರಾಜು ಬಂದ ಮೇಲೆ ಟವೆಲ್ ಹೋಯಿತು, ಬೆಲೆ ಪರದೆಯ ಮೇಲೆ ಬಂತು. ಇದು ಒಳ್ಳೆಯದಾಗಿದೆ, ಹೇಳಲೇಬೇಕು. ಆದರೆ ಹೊಸಕೋಟೆ, ನೆಲಮಂಗಲದ ಗೋಡೌನುಗಳಿಗೆ ಹೋಗಿ ನೋಡಿ. ನಮ್ಮ ಕೇರಿಯ ಬಿ.ಎ. ಹುಡುಗರು ಸ್ಕ್ಯಾನರ್ ಹಿಡಿದು ಓಡುತ್ತಿದ್ದಾರೆ. ಗಂಟೆಗೆ ಎಷ್ಟು ಡಬ್ಬ ಅಂತ ಯಂತ್ರ ಎಣಿಸುತ್ತೆ. ಬೈಕಿನಲ್ಲಿ ಊಟ ಹೊತ್ತು ಸಿಟಿಗೆ ಹೋದವನ ಹೆಸರು 'ಪಾರ್ಟ್‌ನರ್'. ಈ ಪದದ ಮೇಲೆ ನಮ್ಮ ವಿಮರ್ಶಕರು ಒಂದು ಪ್ರಬಂಧ ಬರೆಯಲಿ. ಗೌಡರ ಮನೆಯ ಜೀತದಾಳನ್ನು 'ಮನೆ ಮಗ' ಅಂತಿದ್ದರು. 1976ರ ಕಾಯ್ದೆ ಜೀತ ತೆಗೆಯಿತು, ಮಾತಿನ ಚಾಳಿ ತೆಗೆಯಲಿಲ್ಲ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಮಾಡಿತು: ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ. ಯಂತ್ರ ಯಾವ ಲೆಕ್ಕದಲ್ಲಿ ಕೆಲಸ ಹಂಚುತ್ತೆ ಅಂತ ಕಾರ್ಮಿಕನಿಗೆ ಹೇಳಬೇಕು. ಹೇಳಿಸಿಕೊಳ್ಳಲು ಸಂಘ ಬೇಕು. ಅದು ಬೇರೆ ಲೇಖನ.

ಸಂಸ್ಕೃತಿ ಎಂಬುದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ವಧೂವರರ ಆಪ್ ತೆರೆದರೆ ಜಾತಿ, ಒಳಪಂಗಡ ಕೇಳದೆ ಮುಂದೆ ಬಿಡೋದು ಕಮ್ಮಿ. ಬೆಂಗಳೂರಿನ ಬಾಡಿಗೆ ಮನೆಯ ಜಾಹೀರಾತಿನಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ'. ಬಯಲೆಂದರೆ ಇದೇನಾ? ನಮ್ಮ ಕವಿಗಳೂ ಕಡಿಮೆಯಿಲ್ಲ. ಬೆಳಿಗ್ಗೆ ಪದ್ಯ ಹಾಕಿ ಸಂಜೆವರೆಗೆ ಲೈಕು ಎಣಿಸುತ್ತೇವೆ. ಹಿಂದಿನವರು ಹಾಡು ಕಟ್ಟಿ ಕೇರಿಗೆ ಒಯ್ದರು. ನಾವು ಕೇರಿಯಲ್ಲಿ ಕೂತು ಬೆಂಗಳೂರಿನ ಹೆಬ್ಬೆರಳಿಗೆ ಕಾಯುತ್ತೇವೆ. ಈ ಮಾತು ನಮಗೇ ಮೊದಲು ತಾಗಲಿ.

ಅದೇ ಫೋನಿನಲ್ಲೇ ನಾವು ಬಾಬಾಸಾಹೇಬರನ್ನು ಓದಿದ್ದು. 1936ರಲ್ಲಿ ಲಾಹೋರಿನವರು ಭಾಷಣ ರದ್ದು ಮಾಡಿದಾಗ ಅವರು 'ಜಾತಿ ವಿನಾಶ'ವನ್ನು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ನಮಗದು ಹಾಸ್ಟೆಲಿನಲ್ಲಿ ರಾತ್ರಿ ಹನ್ನೆರಡಕ್ಕೆ, ದುಡ್ಡಿಲ್ಲದೆ, ಒಡೆದ ಗಾಜಿನ ಪರದೆಯ ಮೇಲೆ ಸಿಕ್ಕಿತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಗೆ ನೋಟಿಸು ಬಂದಾಗ 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕೂತರು. ಸುದ್ದಿ ಹಬ್ಬಿದ್ದರಲ್ಲಿ ಫೋನಿನ ಪಾಲೂ ಇತ್ತು. ಆದರೆ ಮೂರು ವರ್ಷಕ್ಕೂ ಮೀರಿ ಬಿಸಿಲಲ್ಲಿ ಕೂತದ್ದು ಫೋನಲ್ಲ, ಹೆಂಗಸರು, ಮುದುಕರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಅದೇ ವರ್ಷ ಅದೇ ತಾಲ್ಲೂಕಿನ ಇನ್ನೊಂದು ಮಗ್ಗುಲಲ್ಲಿ ಫಾಕ್ಸ್‌ಕಾನ್ ಕಾರ್ಖಾನೆ ಐಫೋನ್ ತಯಾರಿಸತೊಡಗಿತು. ಲೋಕಕ್ಕೆಲ್ಲ ಫೋನು ನಮ್ಮ ಜಿಲ್ಲೆಯ ಮಣ್ಣಿನ ಮೇಲೇ ಹುಟ್ಟುತ್ತಿದೆ.

ನಮ್ಮ ಅರ್ಜಿ ಇನ್ನೂ ಆಗಿಲ್ಲ. ನೋಟರಿಯ ಹತ್ತಿರ ಅಫಿಡವಿಟ್ ಮಾಡಿಸಿದೆವು: 'ಮುನಿಗ ಮತ್ತು ಮುನಿಯಪ್ಪ ಇಬ್ಬರೂ ಒಬ್ಬನೇ ವ್ಯಕ್ತಿ.' ಟೈಪು ಮಾಡುವವನು 'ಯಾವ ಹೆಸರು ಮೊದಲು ಹಾಕಲಿ?' ಅಂದ. ನಮ್ಮಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಮುನಿಯಪ್ಪ ಅಂತ್ಲೇ ಮೊದ್ಲು ಹಾಕಪ್ಪ, ಅಂದ. ಸೋಮವಾರ ಬರಾಕೆ ಹೇಳವ್ರೆ.