ಕಡಲತೀರದ ಹತ್ತು ತಾಲಾ

ಸಮೋವಾ ಸುತ್ತಿಬಂದವರ ದೂರುಗಳಲ್ಲಿ ಒಂದಂತೂ ತಪ್ಪದೆ ಇರುತ್ತದೆ: ಎಲ್ಲಿ ಕಾಲಿಟ್ಟರೂ ಕಾಸು ಕೇಳುತ್ತಾರೆ. ಕಡಲತೀರದಲ್ಲಿ ಕಾರು ನಿಲ್ಲಿಸಿದರೆ ಯಾರೋ ಒಬ್ಬ ಹೆಂಗಸು ಎದ್ದು ಬಂದು ಐದೋ ಹತ್ತೋ ತಾಲಾ ಎನ್ನುತ್ತಾಳೆ. ಜಲಪಾತಕ್ಕೆ ಇಳಿಯುವ ದಾರಿಯಲ್ಲಿ ಇನ್ನೊಬ್ಬರು. ಸವಾಯಿ ದ್ವೀಪದ ತಾಂಗಾ ಹಳ್ಳಿಯಲ್ಲಿ ಲಾವಾ ಬಂಡೆಯ ಬಿಲಗಳಿಂದ ಸಮುದ್ರ ಚಿಮ್ಮುವುದನ್ನು ನೋಡಲು ಒಂದು ಶುಲ್ಕ. ಆ ಬಿಲಕ್ಕೆ ತೆಂಗಿನಕಾಯಿ ಎಸೆದು, ನೀರಿನ ರಭಸಕ್ಕೆ ಅದು ಮುಗಿಲಿಗೆ ಹಾರುವುದನ್ನು ತೋರಿಸುವವನ ಕೈಗೆ ಮತ್ತೊಂದಷ್ಟು. ರಸೀದಿಯ ಮಾತೇ ಇಲ್ಲ. ಬೋರ್ಡು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೆಂಗಳೂರಿನಿಂದ ನೇರ ವಿಮಾನವಿಲ್ಲದೆ ಫಿಜಿಯನ್ನೋ ಆಕ್ಲೆಂಡನ್ನೋ ಸುತ್ತಿಕೊಂಡು, ಲಕ್ಷಗಟ್ಟಲೆ ಸುರಿದು ಹೋದವರಿಗೆ ಈ ಚಿಲ್ಲರೆ ವಸೂಲಿ ಮೈಯುರಿಸುವುದು ಸಹಜವೇ. ಆದರೂ ನನ್ನ ವಾದ ಬೇರೆ. ಆ ದ್ವೀಪಗಳಲ್ಲಿ ನೋಡತಕ್ಕದ್ದು ಇಷ್ಟಾದರೂ ಉಳಿದಿದ್ದರೆ, ಹತ್ತು ತಾಲಾ ಕೇಳುವ ಹಕ್ಕು ಇನ್ನೂ ಆ ಹೆಂಗಸಿನ ಮನೆತನದ ಬಳಿಯೇ ಇರುವುದು ಅದಕ್ಕೆ ಮುಖ್ಯ ಕಾರಣ.

ಸಮೋವಾದ ನೆಲದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ರೂಢಿಯ ಭೂಮಿ. ಅದು ಯಾವ ಒಬ್ಬನ ಹೆಸರಿನ ಆಸ್ತಿಯೂ ಅಲ್ಲ. ‘ಐಂಗಾ’ ಎನ್ನುವ ದೊಡ್ಡ ಕುಟುಂಬಗಳದು. ಕುಟುಂಬ ಆರಿಸಿಕೊಂಡ ಯಜಮಾನ, ‘ಮಾತಾಯ್’, ಅದನ್ನು ನೋಡಿಕೊಳ್ಳುತ್ತಾನೆ. 1962ರಲ್ಲಿ ಸ್ವತಂತ್ರವಾದ ದೇಶದ ಸಂವಿಧಾನದ 102ನೇ ವಿಧಿ ಈ ಭೂಮಿಯನ್ನು ಮಾರುವುದಕ್ಕೂ ಅಡವಿಡುವುದಕ್ಕೂ ಅವಕಾಶ ಕೊಡುವುದಿಲ್ಲ; ಕಾನೂನಿನ ಪ್ರಕಾರ ಗೇಣಿಗೆ ಕೊಡಬಹುದು, ಅಷ್ಟೆ. ಇಷ್ಟು ಬಿಗಿ ಯಾಕೆ ಎಂಬುದಕ್ಕೆ ಹತ್ತೊಂಬತ್ತನೇ ಶತಮಾನದ ಕೊನೆಯ ಒಂದು ಲೆಕ್ಕ ಸಾಕು. 1889ರ ಬರ್ಲಿನ್ ಒಪ್ಪಂದದ ನಂತರ ಜರ್ಮನಿ, ಬ್ರಿಟನ್, ಅಮೆರಿಕಗಳು ಸೇರಿ ನೇಮಿಸಿದ ಭೂ ಆಯೋಗದ ಮುಂದೆ ಪರದೇಶದ ವ್ಯಾಪಾರಿಗಳು ‘ನಾವು ಕೊಂಡದ್ದು’ ಎಂದು ಮಂಡಿಸಿದ ಜಮೀನಿನ ಒಟ್ಟು ವಿಸ್ತೀರ್ಣ ದ್ವೀಪಗಳ ಇಡೀ ನೆಲದ ಎರಡು ಪಟ್ಟನ್ನೂ ಮೀರಿತ್ತು! ಆಯೋಗ ಬಹುಪಾಲನ್ನು ತಳ್ಳಿಹಾಕಿತು. ಮುಂದೆ 1900ರಿಂದ ಆಳಿದ ಜರ್ಮನ್ನರೂ, 1914ರಲ್ಲಿ ಅವರನ್ನು ಹೊರಹಾಕಿದ ನ್ಯೂಜಿಲೆಂಡಿನವರೂ ತೋಟಗಳನ್ನು ಹಿಡಿದುಕೊಂಡರೇ ಹೊರತು ಹಳ್ಳಿಗಳ ನೆಲವನ್ನು ಕಸಿಯಲಾಗಲಿಲ್ಲ.

ಪ್ರವಾಸಿಗೆ ಇದರ ಫಲ ಕಾಣುವುದು ಉಪೋಲು ದ್ವೀಪದ ಆಗ್ನೇಯ ಮೂಲೆಯ ಲಾಲೊಮಾನುವಿನಂಥ ತೀರಗಳಲ್ಲಿ. ಪೆಸಿಫಿಕ್ಕಿನ ಬೇರೆ ಕಡೆ ಇಷ್ಟು ಬಿಳಿಯ ಮರಳಿದ್ದಿದ್ದರೆ ಇಷ್ಟರಲ್ಲಿ ಅಲ್ಲೊಂದು ಬೇಲಿ, ಬೇಲಿಗೊಬ್ಬ ಕಾವಲುಗಾರ, ಒಳಗೆ ಈಜುಕೊಳ ಇರುತ್ತಿತ್ತು. (ಸಮುದ್ರದ ಎದುರಿಗೇ ಈಜುಕೊಳ ಕಟ್ಟುವವರ ತರ್ಕ ನನಗೆ ಈವರೆಗೂ ಅರ್ಥವಾಗಿಲ್ಲ.) ಇಲ್ಲಿರುವುದು ಸಾಲು ಸಾಲು ‘ಫಾಲೆ’ಗಳು: ಮರದ ಕಂಬ, ಮೇಲೊಂದು ಮಾಡು, ಗೋಡೆಯಿಲ್ಲ, ಗಾಳಿಮಳೆಗೆ ಇಳಿಬಿಡಲು ಹೆಣೆದ ತೆಂಗಿನ ಗರಿಯ ಪರದೆ, ಒಂದು ಹಾಸಿಗೆ, ಒಂದು ಸೊಳ್ಳೆಪರದೆ. ಬಾಡಿಗೆಯಲ್ಲೇ ಬೆಳಗಿನ ತಿಂಡಿ, ರಾತ್ರಿಯ ಊಟ ಸೇರಿರುವುದು ವಾಡಿಕೆ. ಊಟದಲ್ಲಿ ಕೆಸುವಿನೆಲೆಯೊಳಗೆ ಗಟ್ಟಿ ತೆಂಗಿನ ಹಾಲು ಕಟ್ಟಿ ಬಿಸಿ ಕಲ್ಲುಗಳ ಮೇಲೆ ಬೇಯಿಸಿದ ‘ಪಾಲುಸಾಮಿ’ ಸಿಕ್ಕರೆ, ಪತ್ರೊಡೆ ತಿಂದು ಬೆಳೆದ ನಾಲಿಗೆಗೆ ಅದು ದೂರದ ನೆಂಟನಂತೆ ಗುರುತು ಸಿಗುತ್ತದೆ. ನಡೆಸುವವರು ಅದೇ ನೆಲದ ಕುಟುಂಬ. ಅಡುಗೆಯವರು, ಗುಡಿಸುವವರು, ರಾತ್ರಿ ಹಾಡುವವರು ಎಲ್ಲರೂ ಬಹುತೇಕ ಒಂದೇ ಮನೆಯವರು.

ಹವಾಯಿಯನ್ನು ಪಕ್ಕಕ್ಕಿಟ್ಟು ನೋಡಿದರೆ ವಾದ ಸ್ಪಷ್ಟವಾಗುತ್ತದೆ. ಅಲ್ಲಿನ ಕಡಲತೀರಗಳು ಕಾನೂನಿನಂತೆ ಸಾರ್ವಜನಿಕ, ಬಹುಪಾಲು ಪುಕ್ಕಟೆ. ಕಾಸು ಕೇಳುವ ಹೆಂಗಸು ಅಲ್ಲಿಲ್ಲ, ಯಾಕೆಂದರೆ ತೀರದ ಹಿಂದಿನ ನೆಲ ಅವಳದಾಗಿ ಉಳಿದಿಲ್ಲ. 1848ರ ‘ಮಹೇಲೆ’ ಎಂಬ ಹಂಚಿಕೆ ಆ ರಾಜ್ಯದ ಭೂಮಿಯನ್ನು ಖಾಸಗಿ ಆಸ್ತಿಯಾಗಿ ಒಡೆಯಿತು. ಎರಡೇ ವರ್ಷದಲ್ಲಿ ಪರದೇಶದವರೂ ಕೊಳ್ಳಬಹುದು ಎಂದಾಯಿತು. ಸಕ್ಕರೆ ತೋಟಗಳು ಬಂದವು, ಅವುಗಳ ಹಿಂದೆ ಹೋಟೆಲುಗಳು. ಅಮೆರಿಕದ 2020ರ ಜನಗಣತಿಯ ಹೊತ್ತಿಗೆ ಮೂಲ ಹವಾಯಿಯನ್ನರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹವಾಯಿಯ ಹೊರಗೆ ಬದುಕುತ್ತಿದ್ದರು. ಪುಕ್ಕಟೆ ತೀರದ ಬೆಲೆಯನ್ನು ಯಾರೋ ಮೊದಲೇ ಕಟ್ಟಿಬಿಟ್ಟಿದ್ದರು.

ಇಲ್ಲೊಂದು ಗಟ್ಟಿ ಆಕ್ಷೇಪ ಬರುತ್ತದೆ, ಬರಬೇಕಾದ್ದೇ. ಸಮೋವನ್ನರೂ ಊರು ಬಿಟ್ಟಿಲ್ಲವೇ? ಬಿಟ್ಟಿದ್ದಾರೆ. ದೇಶದ ಜನಸಂಖ್ಯೆ ಸುಮಾರು 2 ಲಕ್ಷ. ನ್ಯೂಜಿಲೆಂಡಿನ 2018ರ ಜನಗಣತಿಯಲ್ಲಿ ಸಮೋವನ್ನರೆಂದು ಬರೆಸಿಕೊಂಡವರೇ 1.8 ಲಕ್ಷ ಮೀರುತ್ತಾರೆ. ರೂಢಿಯ ಭೂಮಿ ಅವರಿಗೆ ಅನ್ನ ಕೊಡಲಿಲ್ಲ, ಆಕ್ಲೆಂಡಿನ ಕಾರ್ಖಾನೆ ಕೊಟ್ಟಿತು ಎಂದು ವಾದಿಸಿದರೆ ಅಲ್ಲಗಳೆಯುವುದು ಕಷ್ಟ. ಲಾಲೊಮಾನುವಿನ ಎಷ್ಟೋ ಫಾಲೆಗಳ ಮರಮುಟ್ಟಿಗೆ ಹಣ ಬಂದದ್ದು ಪ್ರವಾಸಿಗಳಿಂದಲೋ ಪರದೇಶದಲ್ಲಿ ದುಡಿವ ಮಕ್ಕಳಿಂದಲೋ ಎಂದು ಲೆಕ್ಕ ಹಾಕಹೊರಟರೆ ಎರಡನೆಯದೇ ಗೆದ್ದೀತು. ಆದರೆ ಎರಡು ವಲಸೆಗಳೂ ಒಂದೇ ಬಗೆಯವಲ್ಲ. ಹವಾಯಿಯವನು ಬಾಡಿಗೆ ಕಟ್ಟಲಾಗದೆ ಹೊರಟರೆ ಅವನು ಹಿಂದಿರುಗುವ ನೆಲ ಇನ್ನೊಬ್ಬನ ಹೆಸರಿನಲ್ಲಿರುತ್ತದೆ. ಸಮೋವನ್ನನ ಕುಟುಂಬದ ಪಾಲು ಅವನು ಇರಲಿ ಬಿಡಲಿ ಅಲ್ಲೇ ಇರುತ್ತದೆ.

ಇದು ಬರಿಯ ಭಾವನೆಯ ಮಾತಲ್ಲ ಎಂಬುದಕ್ಕೆ 2009ರ ಸೆಪ್ಟೆಂಬರ್ 29 ಸಾಕ್ಷಿ. ಅಂದು ಬೆಳಗಿನ ಭೂಕಂಪದ ಬೆನ್ನಿಗೆ ಬಂದ ಸುನಾಮಿ ಉಪೋಲುವಿನ ದಕ್ಷಿಣ, ಆಗ್ನೇಯ ತೀರಗಳನ್ನು ಗುಡಿಸಿಹಾಕಿತು. ಸಮೋವಾದಲ್ಲಿ 140ಕ್ಕೂ ಹೆಚ್ಚು ಜನ ಸತ್ತರು. ಲಾಲೊಮಾನುವಿನ ಫಾಲೆಗಳಲ್ಲಿ ಉಳಿದದ್ದು ಬುನಾದಿ ಮಾತ್ರ. ಹಳ್ಳಿಯ ನೆಲವೆಂದರೆ ಅಲ್ಲಿ ಹಿಂದಿನಿಂದಲೂ ಬೆಟ್ಟದ ಏಣಿನಿಂದ ಹವಳದ ದಂಡೆಯ ತನಕ ಚಾಚಿದ ಪಟ್ಟಿ. ಹಾಗಾಗಿ ಕಡಲಿಗೆ ಹೆದರಿದ ಕುಟುಂಬಗಳು ಯಾರಿಂದಲೂ ನಿವೇಶನ ಕೊಳ್ಳದೆ ಮೇಲಿನ ತಮ್ಮದೇ ತೋಟಗಳಿಗೆ ಮನೆ ಬದಲಿಸಿದವು, ವ್ಯಾಪಾರಕ್ಕೆ ಮಾತ್ರ ಮರಳಿಗೆ ಇಳಿದು ಬಂದವು. ಸುನಾಮಿಯ ನಂತರ ಮೀನುಗಾರರ ಜಾಗ ಹೋಟೆಲಿನವರ ಪಾಲಾಗುವುದು ಏಷ್ಯಾದ ತೀರಗಳಲ್ಲಿ 2004ರ ಬಳಿಕ ಕೇಳಿಬಂದ ಕಥೆ. ಇಲ್ಲಿ ಅದು ನಡೆಯಲು ಮೊದಲು ಜಾಗ ಮಾರಾಟಕ್ಕಿರಬೇಕಿತ್ತು.

ಕಾಡಿನ ಕಥೆಯೂ ಇದೇ ಜಾಡಿನದು, ಸ್ವಲ್ಪ ತಿರುವಿನೊಂದಿಗೆ. ಸವಾಯಿಯ ಪಶ್ಚಿಮ ತುದಿಯ ಫಾಲೆಯಾಲುಪೊ ಹಳ್ಳಿಗೆ 1980ರ ದಶಕದ ಕೊನೆಯಲ್ಲಿ ಶಾಲೆ ಕಟ್ಟಲೇಬೇಕಾಯಿತು. ಕೈಯಲ್ಲಿ ಹಣವಿಲ್ಲದೆ ಅವರು ಮಳೆಕಾಡನ್ನು ಮರ ಕಡಿಯುವ ಕಂಪನಿಗೆ ಕೊಟ್ಟರು. ಅಲ್ಲಿ ಔಷಧಿ ಗಿಡಗಳನ್ನು ಅಭ್ಯಾಸ ಮಾಡುತ್ತಿದ್ದ ಅಮೆರಿಕದ ಸಸ್ಯವಿಜ್ಞಾನಿ ಪಾಲ್ ಕಾಕ್ಸ್ ಶಾಲೆಯ ಹಣ ಹೊಂದಿಸಿಕೊಟ್ಟರು. ಹಳ್ಳಿ 1989ರಲ್ಲಿ ಸುಮಾರು 30,000 ಎಕರೆ ಕಾಡನ್ನು 50 ವರ್ಷ ಕಡಿಯುವುದಿಲ್ಲ ಎಂದು ಒಪ್ಪಂದ ಬರೆದುಕೊಟ್ಟಿತು. 1997ರ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಕಾಕ್ಸ್ ಅವರ ಜೊತೆಗೆ ಹಳ್ಳಿಯ ಮುಖ್ಯಸ್ಥ ಫುಇಓನೊ ಸೆನಿಯೊ ಅವರಿಗೂ ಸಂದಿತು. ಆಮೇಲೆ ಮರಗಳ ನೆತ್ತಿಯ ನಡುವೆ ತೂಗುದಾರಿಯೊಂದು ಬಂತು, ಹತ್ತುವವರಿಂದ ಶುಲ್ಕ. ರೂಢಿಯ ಭೂಮಿ ತಾನಾಗಿಯೇ ಕಾಡು ಉಳಿಸುತ್ತದೆ ಎಂದು ನಂಬುವವರು ಈ ಕಥೆಯ ಮೊದಲರ್ಧ ಓದಿಕೊಳ್ಳಲಿ: ಹಳ್ಳಿಯವರೇ ಕೊಡಲಿಗೆ ಒಪ್ಪಿಗೆ ಕೊಟ್ಟಿದ್ದರು. ಮರ ಕಡಿಯದೆಯೂ ಶಾಲೆ ನಡೆಯಬಹುದು ಎಂದಾಗ ಮಾತ್ರ ಕಾಡು ಉಳಿಯಿತು. ಉಪೋಲುವಿನ ಸವಾಯ ಹಳ್ಳಿಯವರು ಕಡಲೊಳಗೆ ದೈತ್ಯ ಚಿಪ್ಪುಜೀವಿಗಳನ್ನು ಕಾದು, ಮುಳುಗಿ ನೋಡುವವರಿಂದ ಪಡೆಯುವ ಹಣದ ಹಿಂದಿನ ಲೆಕ್ಕವೂ ಅದೇ.

ಕಾನೂನು ಬಲ್ಲವರು ಇನ್ನೊಂದು ಪಾಯಿಂಟು ಎತ್ತಬಹುದು. ಅದೇ ಸಂವಿಧಾನದ 104ನೇ ವಿಧಿಯಂತೆ ಭರತದ ಗೆರೆಯಿಂದ ಕೆಳಗಿನದೆಲ್ಲ ಸಾರ್ವಜನಿಕ. ಸಮುದ್ರಕ್ಕೆ ಶುಲ್ಕ ಕೇಳಲು ಹಳ್ಳಿ ಯಾರು? ಸರಿಯೇ. ಆದರೆ ಕಾರು ನಿಲ್ಲಿಸುವುದು, ನೆರಳಲ್ಲಿ ಕೂರುವುದು, ಬಟ್ಟೆ ಬದಲಿಸುವುದು ಗೆರೆಯ ಮೇಲೆ. ಇದಕ್ಕಿಂತ ತೂಕದ ಆಕ್ಷೇಪ ಮಾತಾಯ್‌ಗಳ ಅಧಿಕಾರದ ಕುರಿತಾದದ್ದು. ಮತದಾನದ ಹಕ್ಕು ಎಲ್ಲ ವಯಸ್ಕರಿಗೂ ಬಂದದ್ದು 1990ರ ಜನಮತದ ನಂತರ. ಚುನಾವಣೆಗೆ ನಿಲ್ಲಲು ಇಂದಿಗೂ ಮಾತಾಯ್ ಪದವಿ ಬೇಕು. ಕೆಲವು ಹಳ್ಳಿಗಳು ಹೆಂಗಸರಿಗೆ ಆ ಪದವಿ ಕೊಡುವುದೇ ಇಲ್ಲ. 2021ರಲ್ಲಿ ಪ್ರಧಾನಿಯಾದ ಮೊದಲ ಮಹಿಳೆ ಫಿಆಮೆ ನಓಮಿ ಮತಾಆಫ ಕೂಡ ಅಂಥ ಪದವಿ ಹೊತ್ತವರೇ. ಹತ್ತು ತಾಲಾ ಇಡೀ ಕುಟುಂಬಕ್ಕೆ ಸಮನಾಗಿ ಹಂಚಿಕೆಯಾಗುತ್ತದೆ ಎಂದು ಯಾರೂ ಪ್ರಮಾಣ ಮಾಡಲಾರರು, ನಾನಂತೂ ಮಾಡುವುದಿಲ್ಲ. ನ್ಯಾಯವಾಗಿ ಹಂಚಿಲ್ಲದ ಹಣವಾದರೂ ಅದು ಹಳ್ಳಿಯೊಳಗೇ ಜಗಳವಾಡಿ ತೀರಿಸಿಕೊಳ್ಳಬಹುದಾದ ಹಣ. ಪರದೇಶದ ಷೇರುದಾರನ ಜೇಬಿಗೆ ಹೋದದ್ದರ ಬಗ್ಗೆ ಜಗಳವಾಡುವ ಅವಕಾಶವೂ ಇರುವುದಿಲ್ಲ.

ಜಗಳಗಳಿಗೇನೂ ಬರವಿಲ್ಲ. ಜರ್ಮನ್ನರು 1903ರಲ್ಲಿ ಶುರುಮಾಡಿದ ಭೂಮಿ ಮತ್ತು ಪದವಿಗಳ ಆಯೋಗ ಇಂದು ಕೋರ್ಟಾಗಿ ಅವನ್ನೇ ವಿಚಾರಿಸುತ್ತಿದೆ. 2008ರ ಭೂ ನೋಂದಣಿ ಕಾಯ್ದೆ ಹಿಂಬಾಗಿಲಿನಿಂದ ಮಾರಾಟ ತರುತ್ತದೆಯೇ ಎಂಬ ಶಂಕೆಯೂ ಅಲ್ಲಿ ಇನ್ನೂ ಆರಿಲ್ಲ. ಒಂದೇ ಜಾಗಕ್ಕೆ ಎರಡು ಮನೆತನದವರು ಶುಲ್ಕ ಕೇಳಲು ಬಂದರೆ ಪ್ರವಾಸಿ ತೀರ್ಪು ಕೊಡಲು ಹೋಗದೆ, ಒಬ್ಬರಿಗೆ ಕೊಟ್ಟು ಮುಂದೆ ನಡೆಯುವುದು ಲೇಸು. ಹೋಟೆಲು ಕಾದಿರಿಸುವವರು ಅದು ಯಾವ ಹಳ್ಳಿಯ ನೆಲ, ಗೇಣಿ ಯಾರಿಗೆ ಸಲ್ಲುತ್ತದೆ ಎಂದು ಒಂದು ಸಾಲು ಬರೆದು ಕೇಳಲಿ. ಭಾನುವಾರ ಅನೇಕ ಹಳ್ಳಿಗಳು ಈಜಲು ಬಿಡುವುದಿಲ್ಲ. ಆ ದಿನವನ್ನು ಚರ್ಚಿನ ಹಾಡಿಗೋ ನಿದ್ದೆಗೋ ಮೀಸಲಿಡಿ. ದೊಡ್ಡ ನೋಟುಗಳನ್ನು ಮಾತ್ರ ರಾಜಧಾನಿ ಆಪಿಯಾದಲ್ಲೇ ಮುರಿಸಿಕೊಂಡು ಹೊರಡಿ, ತಾಂಗಾದಲ್ಲಿ ಚಿಲ್ಲರೆ ಸಿಗುವ ಭರವಸೆಯಿಲ್ಲ.