ಕಾಂಪೋಸ್ಟಿನಲ್ಲಿ ಸಸಿ: ನಮ್ಮ ಪ್ರಯೋಗಗಳು ಎಡವುವುದೆಲ್ಲಿ?

ಕೃಷಿ ತ್ಯಾಜ್ಯದ ಕಾಂಪೋಸ್ಟಿನಲ್ಲಿ ತರಕಾರಿ ಸಸಿ ಬೆಳೆಸುವ ಯೋಜನೆ ಶಾಲಾ ವಿಜ್ಞಾನ ಮೇಳಗಳಿಗೆ ಹೊಸದೇನಲ್ಲ. ಎರಡು ಕುಂಡ, ಒಂದರಲ್ಲಿ ಮಣ್ಣು, ಇನ್ನೊಂದರಲ್ಲಿ ಕಾಂಪೋಸ್ಟ್. ಇಪ್ಪತ್ತು ದಿನಗಳ ನಂತರ ಅಳತೆಪಟ್ಟಿ. ಕಾಂಪೋಸ್ಟಿನ ಟೊಮೇಟೊ ಸಸಿ ಎತ್ತರವಾಗಿದೆ, ಆದ್ದರಿಂದ ಕಾಂಪೋಸ್ಟೇ ಶ್ರೇಷ್ಠ. ಈ ತೀರ್ಮಾನವನ್ನು ನೀವು ಒಪ್ಪುತ್ತೀರಾ?

ಎತ್ತರ ಮೋಸ ಮಾಡುವ ಅಳತೆ. ಬೆಳಕು ಕಡಿಮೆಯಾದರೂ, ಸಾರಜನಕ ಹೆಚ್ಚಾದರೂ ಸಸಿ ಸೊರಗಿ ಉದ್ದವಾಗುತ್ತದೆ. ಅಂಥ ಸಸಿ ನಾಟಿಯ ದಿನವೇ ಬಾಗುತ್ತದೆ. ಒಂದೊಂದೇ ಕುಂಡದ ಹೋಲಿಕೆಯ ಬಗ್ಗೆ ಹೇಳುವುದೇ ಬೇಡ.

ಇದಕ್ಕಿಂತ ದೊಡ್ಡ ತಪ್ಪೆಂದರೆ ಗೊಬ್ಬರವನ್ನೂ ಬೆಳೆಮಾಧ್ಯಮವನ್ನೂ ಒಂದೇ ಎಂದು ಭಾವಿಸುವುದು. ಹೊಲಕ್ಕೆ ಹಾಕಿದ ಗೊಬ್ಬರ ಅಪಾರ ಮಣ್ಣಿನಲ್ಲಿ ಬೆರೆಯುತ್ತದೆ. ಸಸಿ ಟ್ರೇಯಲ್ಲಿ ಹಾಗಲ್ಲ, ನಾಲ್ಕೈದು ಸೆಂ.ಮೀ. ಆಳದ ಗುಳಿಯೇ ಬೇರಿನ ಇಡೀ ಪ್ರಪಂಚ. ಒಂದು ಸ್ಪಂಜನ್ನು ನೀರಿನಲ್ಲಿ ನೆನೆಸಿ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತಷ್ಟು ನೀರು ಸುರಿಯುತ್ತದೆ! ಆಳ ಕಡಿಮೆಯಾದಷ್ಟೂ ನೀರು ಬಸಿಯುವುದು ಕಷ್ಟ. ನುಣುಪಾದ ಎರೆಗೊಬ್ಬರವನ್ನಷ್ಟೇ ತುಂಬಿದ ಗುಳಿಯಲ್ಲಿ ಗಾಳಿಗೆ ಜಾಗವೇ ಉಳಿಯದು, ಬೇರು ಉಸಿರುಗಟ್ಟುತ್ತದೆ. ಜೊತೆಗೆ ಲವಣಾಂಶ ಹೆಚ್ಚಿದ್ದರೆ, ಪರಾಸರಣದ ಪಾಠ ನೆನಪಿಸಿಕೊಳ್ಳಿ, ನೀರಿದ್ದೂ ಸಸಿ ಬಾಡುತ್ತದೆ. ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಕ್ಲೈವ್ ಎಡ್ವರ್ಡ್ಸ್ ಮತ್ತು ಸಂಗಡಿಗರು 2000ರ ಆಸುಪಾಸಿನಲ್ಲಿ ನಡೆಸಿದ ಟೊಮೇಟೊ ಪ್ರಯೋಗಗಳಲ್ಲಿಯೂ ಎರೆಗೊಬ್ಬರ ಭಾಗಶಃ ಬೆರೆತಾಗ ಬೆಳವಣಿಗೆ ಚೆನ್ನಾಗಿತ್ತು. ಪೂರ್ತಿ ಎರೆಗೊಬ್ಬರದಲ್ಲಿ ಕುಗ್ಗಿತು.

ನಮ್ಮಲ್ಲಿ ಹೇರಳವಾಗಿರುವ ತೆಂಗಿನ ನಾರಿನ ಪುಡಿಯ ಸಮಸ್ಯೆ ಬೇರೆ. ಅದು ಹಗುರ, ಗಾಳಿಯಾಡುತ್ತದೆ, ಆದರೆ ಹಸಿಯಾಗಿದ್ದಾಗ ಅದರ ಇಂಗಾಲ–ಸಾರಜನಕ ಅನುಪಾತ ಸುಮಾರು 112:1. ಸೂಕ್ಷ್ಮಜೀವಿಗಳು ಇದನ್ನು ಕೊಳೆಸಲು ಸಸಿಯ ಪಾಲಿನ ಸಾರಜನಕವನ್ನೇ ಕಬಳಿಸುತ್ತವೆ, ಎಲೆ ಹಳದಿಯಾಗುತ್ತದೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವಿಧಾನದಲ್ಲಿ ಪ್ಲೂರೋಟಸ್ ಅಣಬೆ ಮತ್ತು ಯೂರಿಯಾ ಬೆರೆಸಿ ಕೊಳೆಸಿದಾಗ ಅದು 24:1ರ ಹತ್ತಿರ ಬರುತ್ತದೆ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ 'ಅರ್ಕಾ ಹುದುಗಿಸಿದ ಕೊಕೊಪೀಟ್' ತಯಾರಿಸುವ ತಂತ್ರವನ್ನು ರೂಪಿಸಿದೆ. 'ನೈಸರ್ಗಿಕ' ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಚೀಲದೊಳಗಿನ ಪುಡಿ ಮಾಗಿರುವುದಿಲ್ಲ. ದುಬಾರಿ ಹೈಬ್ರಿಡ್ ಬೀಜ ಬಿತ್ತಿದ ರೈತನಿಗೆ ಟ್ರೇ ಕೆಟ್ಟರೆ ಬೀಜದ ಹಣವೂ ಹೋಯಿತು, ನಾಟಿಯ ಹದವೂ ಹೋಯಿತು.

ಮಾಗಿದೆಯೇ ಎಂದು ತಿಳಿಯಲು ಬೀಜವನ್ನೇ ಕೇಳಬಹುದು. ಇಟಲಿಯ ಝುಕ್ಕೋನಿ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಪರೀಕ್ಷೆ ನಿಮ್ಮ ಪ್ರಯೋಗಾಲಯಕ್ಕೂ ಹೊಂದುತ್ತದೆ. ಒಂದು ಭಾಗ ಕಾಂಪೋಸ್ಟನ್ನು ಹತ್ತು ಭಾಗ ಬಟ್ಟಿ ಇಳಿಸಿದ ನೀರಿನಲ್ಲಿ ಕದಡಿ ಸೋಸಿ. ಆ ನೀರಿನಲ್ಲಿಯೂ ಬರೀ ಬಟ್ಟಿ ನೀರಿನಲ್ಲಿಯೂ ಬೀಜ ಮೊಳೆಯಿಸಿ. ಅವರು ಬಳಸಿದ್ದು ಕ್ರೆಸ್ ಬೀಜ. ನಮಗೆ ಮೂಲಂಗಿ ಸಾಕು. ಬಟ್ಟಿ ನೀರಿಗೆ ಹೋಲಿಸಿದರೆ ಮೊಳಕೆ ಶೇ. 90, ಬೇರಿನ ಉದ್ದ ಶೇ. 60 ಎಂದಾದರೆ ಸೂಚ್ಯಂಕ 54. ಸಾಮಾನ್ಯವಾಗಿ 80 ದಾಟಿದ ಕಾಂಪೋಸ್ಟನ್ನು ನಿರಪಾಯವೆನ್ನುತ್ತಾರೆ. ಮೊಳಕೆಯನ್ನಷ್ಟೇ ಎಣಿಸಿದ್ದರೆ ಈ ದೋಷ ಕಾಣುತ್ತಲೇ ಇರಲಿಲ್ಲ.

ಮುಂದಿನ ಮೇಳಕ್ಕೆ ಶೇ. 0, 25, 50, 75, 100 ಕಾಂಪೋಸ್ಟಿನ ಐದು ಮಿಶ್ರಣ ಮಾಡಿ. ಪ್ರತಿಯೊಂದಕ್ಕೂ ಕನಿಷ್ಠ ಇಪ್ಪತ್ತು ಗುಳಿ ಇರಲಿ. ಅರ್ಧದಷ್ಟು ಸಸಿಗಳ ಬೇರು ತೊಳೆದು ಒಣಗಿಸಿ ತೂಗಿ. ಉಳಿದರ್ಧವನ್ನು ಶಾಲೆಯ ಕೈತೋಟದಲ್ಲಿ ನಾಟಿ ಮಾಡಿ, ಹತ್ತು ದಿನ ಕಳೆದ ಮೇಲೆ ಬದುಕಿದವನ್ನು ಎಣಿಸಿ.